ಅರವತ್ನಾಲ್ಕು ನಂಬರುಗಳ ಮಳೆಗಾಲ

ಹೊಗೆಸೊಪ್ಪನ್ನು ಬ್ಯಾರನ್ನಿನ ಬಿಸಿ ಗೂಡಿನಲ್ಲಿ ಬೇಯಿಸುವಾಗ ಬರುವ ವಾಸನೆಗೆ ಹುಣಸೂರಿನ ಕಡೆಯವರು ಬೇರೆ ಹೆಸರಿಟ್ಟಿಲ್ಲ. ಆಗಸ್ಟಿನಿಂದಾಚೆಗೆ ಅಲ್ಲಿ ಗಾಳಿ ಎಂದರೆ ಅದೇ. ಈಚೆಗೆ ನೆಂಟರೊಬ್ಬರ ಗೃಹಪ್ರವೇಶಕ್ಕೆಂದು ಮೈಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುತ್ತಿದ್ದೆ. ಬಿಳಿಕೆರೆಯಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಪಕ್ಕದಲ್ಲಿ ಕೂತಿದ್ದ ಹುಡುಗಿ ಕರವಸ್ತ್ರವನ್ನು ಮೂಗಿಗೆ ಹಿಡಿದು, ಕಿಟಕಿ ಮುಚ್ಚುತ್ತೀರಾ ಎಂದು ಕೇಳಿದಳು. ಮುಚ್ಚಿದೆ. ಹುಣಸೂರು ಬರುವವರೆಗೂ ನನ್ನ ತಲೆಯಲ್ಲಿ ಇದ್ದದ್ದು 2004ರ ಮಳೆಗಾಲ ಮತ್ತು ಸುಧಾಮಣಿ.

ಆ ವರ್ಷ ನಾನು ಮೈಸೂರಿನ ಒಂದು ಕನ್ನಡ ದಿನಪತ್ರಿಕೆಯ ಹುಣಸೂರು ವರದಿಗಾರ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳಿಗೆಂದೇ ಪತ್ರಿಕೆ ಬೇರೆ ಪುಟಗಳನ್ನು ಆರಂಭಿಸಿತ್ತು. ಅದುವರೆಗೆ ತಾಲ್ಲೂಕಿನ ಸುದ್ದಿ ಲಕೋಟೆಯಲ್ಲಿ ಕೂತು, ಬಸ್ಸಿನ ಕಂಡಕ್ಟರ್ ಕೈ ಸೇರಿ ಮೈಸೂರಿಗೆ ಹೋಗುತ್ತಿತ್ತು. ಈಗ ನಾಲ್ಕೂ ಊರುಗಳಲ್ಲಿ ಕಚೇರಿ, ಕಚೇರಿಗಳಲ್ಲಿ ಕಂಪ್ಯೂಟರು, ನಡುವೆ ದೂರವಾಣಿ ಇಲಾಖೆಯಿಂದ ಬಾಡಿಗೆಗೆ ಪಡೆದ ತಂತಿ. ಮೂರು ತಾಲ್ಲೂಕುಗಳ ಸುದ್ದಿಯೂ ಜಾಹೀರಾತೂ ಆ ತಂತಿಯಲ್ಲಿ ಹುಣಸೂರಿಗೆ ಬರಬೇಕು, ಹುಣಸೂರಿನಲ್ಲಿ ಪುಟ ಕಟ್ಟಬೇಕು, ಕಟ್ಟಿದ ಪುಟ ಮೈಸೂರಿನ ಮುದ್ರಣಾಲಯಕ್ಕೆ ಹೋಗಬೇಕು.

ಹುಣಸೂರಿನ ಕಚೇರಿ ಬಸ್‌ಸ್ಟ್ಯಾಂಡಿನ ಹತ್ತಿರದ ಗೊಬ್ಬರದ ಅಂಗಡಿಯ ಮೇಲಿತ್ತು. ಮೆಟ್ಟಿಲಿಗೆ ಕಬ್ಬಿಣದ ಗೇಟು. ಎರಚಲು ಯಂತ್ರಗಳ ಮೇಲೆ ಬೀಳುತ್ತದೆಂದು ಮಳೆಗಾಲ ಪೂರ್ತಿ ಕಿಟಕಿ ತೆಗೆಯುವಂತಿರಲಿಲ್ಲ. ಕೆಳಗಿನಿಂದ ಯೂರಿಯಾ, ಹೊರಗಿನಿಂದ ಹೊಗೆಸೊಪ್ಪು, ಒಳಗೆ ಬಿಸಿಯಾದ ಯಂತ್ರಗಳು. ಒಂದು ಮೂಲೆಯಲ್ಲಿ ಹಸಿರು ಬಣ್ಣದ ಕಬ್ಬಿಣದ ಬೀರು. ಅದರ ಬೀಗದ ಕೈ ವ್ಯವಸ್ಥಾಪಕ ಶಿವನಂಜಪ್ಪನವರ ಉಡಿದಾರದಲ್ಲಿ.

ಶಿವನಂಜಪ್ಪನವರು ಅಚ್ಚುಮೊಳೆ ಜೋಡಿಸುವ ಕಾಲದಿಂದ ಬಂದವರು. ಚಿಕ್ಕ ವಯಸ್ಸಿಗೆ ಮೈಸೂರಿನ ಮುದ್ರಣಾಲಯ ಸೇರಿ, ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಪುಟ ಕಟ್ಟಿದವರು. ಪುಟದಲ್ಲಿ ಒಂದು ಬೆರಳಿನಷ್ಟು ಜಾಗ ಉಳಿದರೂ ಅವರಿಗೆ ತಡೆಯುತ್ತಿರಲಿಲ್ಲ. ಜೇನುತುಪ್ಪದ ಉಪಯೋಗವೋ ಹಾವು ಕಚ್ಚಿದರೆ ಏನು ಮಾಡಬೇಕೆಂಬುದೋ, ಅಂಥ ಚೂರು ಬರಹಗಳನ್ನು ಅಳತೆಗೆ ತಕ್ಕಂತೆ ಕೈಯಲ್ಲಿಟ್ಟುಕೊಂಡು, ಖಾಲಿ ಕಂಡಲ್ಲಿ ತುಂಬುತ್ತಿದ್ದರು. "ಓದುಗ ದುಡ್ಡು ಕೊಡೋದು ಬಿಳಿ ಕಾಗದಕ್ಕಲ್ಲ" ಎಂಬುದು ಅವರು ದಿನಕ್ಕೊಮ್ಮೆಯಾದರೂ ಆಡುತ್ತಿದ್ದ ಮಾತು. ಕೆಟ್ಟವರಲ್ಲ. ಬಿಸಿಬೇಳೆಬಾತ್ ತಂದ ದಿನ ಎಲ್ಲರಿಗೂ ಹಂಚಿಯೇ ತಿನ್ನುತ್ತಿದ್ದರು.

ಸುಧಾಮಣಿ ಕೆ.ಆರ್. ನಗರ ತಾಲ್ಲೂಕಿನ ಸಾಲಿಗ್ರಾಮದವಳು. ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿ, ನಾಲ್ಕೂ ಕಚೇರಿಗಳ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಳು. ಸೇರುವಾಗ ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡು, ಅವಳ ಮೂಲ ಅಂಕಪಟ್ಟಿಗಳನ್ನೆಲ್ಲ ಕಚೇರಿ ತನ್ನಲ್ಲಿ ಇರಿಸಿಕೊಂಡಿತ್ತು. ಆಗ ಅದು ಬಹಳ ಕಡೆ ಇದ್ದ ಪದ್ಧತಿ. ಕೆಲಸ ಕಲಿತವರು ಹೇಳದೆ ಕೇಳದೆ ಹೋಗಬಾರದು ಎಂಬುದು ಅದರ ಹಿಂದಿನ ಲೆಕ್ಕ. ಎಸ್ಸೆಸ್ಸೆಲ್ಸಿಯಿಂದ ಡಿಪ್ಲೊಮಾವರೆಗಿನ ಅಂಕಪಟ್ಟಿಗಳು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಆ ಹಸಿರು ಬೀರುವಿನ ಒಳಗಿದ್ದವು. ಅವಳ ಮೇಜು ಬೀರುವಿಗೆ ಎದುರಾಗಿಯೇ ಇತ್ತು. ನನ್ನದು ಅವಳ ಪಕ್ಕಕ್ಕೆ.

ಮೇ ಕೊನೆಯ ಹೊತ್ತಿಗೆ ನಂಬರುಗಳ ಮಾತು ಬಂತು. ಒಂದಕ್ಕೊಂದು ಜೋಡಿಸಿದ ಯಂತ್ರಗಳಿಗೆ ಒಂದೊಂದು ವಿಳಾಸ ಬೇಕು. ನಡುವೆ ಚುಕ್ಕಿ ಇಟ್ಟು ಬರೆದ ನಾಲ್ಕು ಸಂಖ್ಯೆಗಳ ಸಾಲು ಅದು. ಕಚೇರಿಯಲ್ಲಿ ಎಲ್ಲರೂ ಅದನ್ನು ನಂಬರು ಎಂದೇ ಕರೆಯುತ್ತಿದ್ದೆವು. ಯಂತ್ರಗಳನ್ನು ಜೋಡಿಸಿಕೊಟ್ಟ ಮೈಸೂರಿನ ಗುತ್ತಿಗೆದಾರ ಫೋನಿನಲ್ಲಿ, ಎಷ್ಟು ಬೇಕಾದರೂ ತೆಗೆದುಕೊಳ್ಳಿ, ಇವು ಒಳಗಿನ ಬಳಕೆಯವು, ಯಾರೂ ಬೆಲೆ ಕೇಳುವುದಿಲ್ಲ ಎಂದಿದ್ದ. ಶಿವನಂಜಪ್ಪನವರು ಯಂತ್ರಗಳ ಎಣಿಕೆ ಮಾಡಿಸಿದರು. ನಾಲ್ಕೂ ಕಡೆ ಸೇರಿ ನಲವತ್ತರ ಆಸುಪಾಸು. ಅರವತ್ನಾಲ್ಕರ ಒಂದು ಕಟ್ಟು ಸಾಕು ಎಂದರು.

"ಸರ್, ಇನ್ನೂರ ಐವತ್ತಾರರದ್ದೇ ತಗೊಳ್ಳೋಣ. ಬೇಕಾದ್ರೆ ಊರಿಗೊಂದು" ಎಂದಳು ಸುಧಾಮಣಿ.

"ನಲವತ್ತು ಜನಕ್ಕೆ ಸಾವಿರ ಎಲೆ ಹಾಕಿಸ್ತೀಯೇನಮ್ಮ?"

"ಇದು ಎಲೆ ಅಲ್ಲ ಸರ್. ಖರ್ಚಿಲ್ಲ."

"ಖರ್ಚಿಲ್ಲದ್ದೇ ಮೊದಲು ಪೋಲಾಗೋದು" ಎಂದು ಅವರು ಕನ್ನಡಕ ಒರೆಸಿಕೊಂಡರು.

ಸುಧಾಮಣಿ ಬಿಳಿ ಹಾಳೆಯ ಮೇಲೆ ಒಂದು ಉದ್ದ ಪಟ್ಟಿ ಎಳೆದು ಲೆಕ್ಕ ಹಾಕಿದಳು. ಪಕ್ಕದಲ್ಲೇ ಕೂತಿದ್ದರಿಂದ ನನಗೂ ಅಷ್ಟಿಷ್ಟು ಅರ್ಥವಾಯಿತು. ಈ ಕಟ್ಟನ್ನು ಬೇಕಾದಂತೆ ಹರಿಯಲು ಬರುವುದಿಲ್ಲ. ಮಧ್ಯಕ್ಕೆ ಸೀಳಬೇಕು, ಸೀಳಿದ್ದನ್ನು ಮತ್ತೆ ಮಧ್ಯಕ್ಕೆ ಸೀಳಬೇಕು. ಅರವತ್ನಾಲ್ಕು ಮೂವತ್ತೆರಡಾಗುತ್ತದೆ, ಅದು ಹದಿನಾರು, ಅದು ಎಂಟು. ಹತ್ತರ ಪಾಲು, ಹನ್ನೆರಡರ ಪಾಲು ಎಂಬುದಿಲ್ಲ. ಹುಣಸೂರಿಗೆ ಮೂವತ್ತೆರಡು, ಪಿರಿಯಾಪಟ್ಟಣಕ್ಕೆ ಹದಿನಾರು, ಕೆ.ಆರ್. ನಗರಕ್ಕೆ ಎಂಟು, ಎಚ್.ಡಿ. ಕೋಟೆಗೆ ಎಂಟು. ಕೂಡಿದರೆ ಸರಿಯಾಗಿ ಅರವತ್ನಾಲ್ಕು. ಶಿವನಂಜಪ್ಪನವರ ಮುಖ ಅರಳಿತು. ಆದರೆ ಅವಳು ಇನ್ನೊಂದು ಮಾತು ಹೇಳಬೇಕಾಗಿತ್ತು.

"ಪ್ರತಿ ಪಾಲಿನಲ್ಲೂ ಮೊದಲನೇದು, ಕೊನೇದು ಯಾವ ಯಂತ್ರಕ್ಕೂ ಕೊಡೋ ಹಾಗಿಲ್ಲ ಸರ್. ಮೊದಲನೇದು ಆ ಪಾಲಿನ ಹೆಸರು. ಕೊನೇದು ಎಲ್ಲರನ್ನೂ ಒಟ್ಟಿಗೆ ಕೂಗೋದಕ್ಕೆ. ಇನ್ನೊಂದು ತಂತಿಯ ಬಾಗಿಲಿಗೆ ಹೋಗ್ತದೆ. ಕೋಟೆಗೆ ಎಂಟು ಕೊಟ್ರೆ ಬಳಸೋಕೆ ಐದೇ."

"ನಾಲ್ಕು ಪಾಲಿಗೆ ಎಂಟು ನಂಬರು ಸುಮ್ಮನೆ ಕೂತಿರ್ತವಾ?"

"ಹೌದು ಸರ್."

"ಪಾಲು ಮಾಡೋದೇ ಬೇಡ ಅಂದ್ರೆ?"

"ಆಗ ಕೋಟೆಯ ಯಂತ್ರಕ್ಕೆ ಹುಣಸೂರು ಯಾವ ದಿಕ್ಕು ಅಂತಲೇ ಗೊತ್ತಾಗಲ್ಲ ಸರ್."

ಆ ಎಂಟು ನಂಬರುಗಳ ಸಂಕಟ ಅವರಿಗೆ ಬಹಳ ದಿನ ಇತ್ತು. ಆದರೂ ಒಪ್ಪಿದರು. ಕೋಟೆಯಲ್ಲಿ ಇದ್ದದ್ದೂ ಐದೇ ಯಂತ್ರ, ಕೆ.ಆರ್. ನಗರದಲ್ಲೂ ಐದು. ಅಳತೆ ಮಾಡಿ ಹೊಲಿದ ಅಂಗಿಯ ಹಾಗೆ ಕೂತಿತು. ಯಂತ್ರಗಳೇ ತಮ್ಮ ನಂಬರನ್ನು ತಾವೇ ಪಡೆದುಕೊಳ್ಳುವ ವ್ಯವಸ್ಥೆಯೂ ಇದೆ ಎಂದು ಸುಧಾಮಣಿ ಹೇಳಿ ನೋಡಿದಳು. ಯಾವ ನಂಬರು ಯಾರದೆಂದು ತಮಗೆ ಗೊತ್ತಿರಬೇಕು ಎಂದರು ಶಿವನಂಜಪ್ಪನವರು. ಹಾಗಾಗಿ ಅವಳು ಹುಣಸೂರಿನದು ಮುಗಿಸಿ, ಮಿಕ್ಕ ಮೂರು ಊರಿಗೆ ಬಸ್ಸಿನಲ್ಲಿ ಹೋಗಿ ಪ್ರತಿ ಯಂತ್ರದ ಮುಂದೆಯೂ ಕೂತು ಕೈಯಾರೆ ನಂಬರು ತುಂಬಿ ಬಂದಳು.

ಜುಲೈನಲ್ಲಿ ಅವಳಿಗೆ ಸರ್ಕಾರಿ ಆದೇಶ ಬಂತು. ಬೇರೆ ಜಿಲ್ಲೆಯ ಒಂದು ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಇನ್‌ಸ್ಟ್ರಕ್ಟರ್ ಹುದ್ದೆ. ಸೆಪ್ಟೆಂಬರ್ ಮುಗಿಯುವುದರೊಳಗೆ ಮೂಲ ಅಂಕಪಟ್ಟಿಗಳೊಂದಿಗೆ ಹಾಜರಾಗಬೇಕು. ಆಗದಿದ್ದರೆ ಆಯ್ಕೆ ರದ್ದಾಗಿ, ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಅವಳು ಆದೇಶವನ್ನೂ ರಾಜೀನಾಮೆಯನ್ನೂ ಒಟ್ಟಿಗೆ ಹಿಡಿದುಕೊಂಡು ಶಿವನಂಜಪ್ಪನವರ ಮುಂದೆ ನಿಂತಳು. ಅವರು ಎರಡನ್ನೂ ಓದಿದರು. ಆದೇಶದಲ್ಲಿದ್ದ ಒಂದು ಕಾಗುಣಿತದ ತಪ್ಪನ್ನು ಪೆನ್ಸಿಲಿನಿಂದ ತಿದ್ದಿದರು. ಅದು ಅವರ ಅಭ್ಯಾಸ.

"ಒಳ್ಳೇದಾಗಲಿ ಕಣಮ್ಮ. ಈ ನಂಬರಿನ ಕೆಲಸ ಒಂದು ಹದಕ್ಕೆ ಬರಲಿ. ಬಂದ ದಿನವೇ ಬೀರು ತೆಗೀತೀನಿ."

ಹದ ಎಂದರೆ ಏನೆಂದು ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಕಲು ಅಂಕಪಟ್ಟಿಗೆ ಅರ್ಜಿ ಹಾಕಿದರೆ ತಿಂಗಳುಗಟ್ಟಲೆ ಹಿಡಿಯುತ್ತದೆಂದು ವಿಚಾರಿಸಿಕೊಂಡು ಬಂದಿದ್ದಳು. ಸಾಲಿಗ್ರಾಮದಿಂದ ಅವಳ ತಂದೆ ಎರಡು ದಿನಕ್ಕೊಮ್ಮೆ ಕಚೇರಿಗೆ ಫೋನು ಮಾಡುತ್ತಿದ್ದರು. ಅವಳು ಆಡುತ್ತಿದ್ದುದು ಒಂದೇ ಮಾತು. "ಕೊಡ್ತಾರಪ್ಪ. ನೀನು ಇಲ್ಲಿಗೆ ಬಂದು ಕೂಗಾಡಬೇಡ."

ಹದ ಕೆಡಲು ಹೆಚ್ಚು ದಿನ ಬೇಕಾಗಲಿಲ್ಲ. ಕಬಿನಿಯ ಹಿನ್ನೀರಿನ ಕಡೆ ರೆಸಾರ್ಟುಗಳು ಹೆಚ್ಚಾಗಿ ಜಾಹೀರಾತು ಬರತೊಡಗಿತ್ತು. ಕೋಟೆಯ ಕಚೇರಿಗೆ ಜಾಹೀರಾತಿನ ಕೆಲಸಕ್ಕೆಂದೇ ಆರನೆಯ ಯಂತ್ರ ಬಂತು. ಕೊಡಲು ನಂಬರಿರಲಿಲ್ಲ. ಕೋಟೆಗೆ ಎಂಟರ ಬದಲು ಹದಿನಾರು ಕೊಡಬೇಕೆಂದರೆ ಪಕ್ಕದ ಎಂಟು ಬೇಕು. ಅದು ಕೆ.ಆರ್. ನಗರದ್ದು. ಕೆ.ಆರ್. ನಗರವನ್ನು ಎಬ್ಬಿಸಿದರೆ ಕೂರಿಸಲು ಇದ್ದ ಜಾಗ ಪಿರಿಯಾಪಟ್ಟಣದ ಅರ್ಧದಲ್ಲಿ ಮಾತ್ರ. ಅರ್ಧ ಬಿಟ್ಟರೆ ಪಿರಿಯಾಪಟ್ಟಣಕ್ಕೂ ಉಳಿಯುವುದು ಐದೇ, ಅಲ್ಲಿದ್ದದ್ದು ಅದಕ್ಕಿಂತ ಹೆಚ್ಚು ಯಂತ್ರ. ಒಂದು ಯಂತ್ರಕ್ಕಾಗಿ ಮೂರು ತಾಲ್ಲೂಕು ಏಳಬೇಕು.

ಪಿರಿಯಾಪಟ್ಟಣದ ವರದಿಗಾರ ಫೋನಿನಲ್ಲಿ ಕೂಗಿದ್ದು ನನ್ನ ಮೇಜಿಗೂ ಕೇಳಿಸಿತು. "ನಮ್ ಜಾಗ ತಗದು ಕೋಟೆಯವ್ರಿಗೆ ಯಾಕ್ ಕೊಡ್ತೀರಿ ಮೇಡಂ? ಹೊಗೆಸೊಪ್ಪಿನ ಹರಾಜಿನ ಸುದ್ದಿ ನಾವು ಬರೀಬೇಕಾ, ಬ್ಯಾಡ್ವಾ? ಅವ್ರಿಗೆ ಆನೆ ಬಿಟ್ರೆ ಏನೈತೆ?"

"ಜಾಗ ಅಲ್ಲ ಸರ್, ನಂಬರು."

"ಯಾವ್ದಾದ್ರೇನು, ನಮ್ದು ನಮ್ದೇ ಕಣ್ರೀ!"

ಸುಧಾಮಣಿ ಹಾಳೆಯ ಮೇಲೆ ಮತ್ತೆ ಪಟ್ಟಿ ಎಳೆದಳು. ಒಂದು ಊರನ್ನು ಸರಿಸಿದರೆ ಇನ್ನೊಂದು ಮೈಮೇಲೆ ಬರುತ್ತಿತ್ತು. ಗೀಚಿದಳು, ಹರಿದಳು, ಮತ್ತೆ ಎಳೆದಳು. ಹೊರಗೆ ಮಳೆ ಜಡಿ ಹಿಡಿದಿತ್ತು. ಕಿಟಕಿ ಮುಚ್ಚಿದ್ದರಿಂದ ಕೋಣೆಯಲ್ಲಿ ಬೆಳಗಾದದ್ದೂ ಸಂಜೆಯಾದದ್ದೂ ಒಂದೇ ಬಣ್ಣ. ಲೆಕ್ಕದ ನಡುವೆ ಅವಳು ತಲೆಯೆತ್ತಿದರೆ ಎದುರಿಗೆ ಬೀರು. ಒಮ್ಮೆ ನನ್ನ ಕಡೆ ತಿರುಗಿ, "ಸರ್, ಇದರಲ್ಲಿ ನಾನು ತಪ್ಪು ಮಾಡಿದ್ರೆ ತಿದ್ದಬಹುದಿತ್ತು. ತಪ್ಪೇ ಇಲ್ಲ. ಎಲ್ಲಾ ಸರಿಯಾಗಿ ತುಂಬಿದೆ. ಅದೇ ಕಷ್ಟ" ಎಂದಳು.

ಅವಳು ದಾರಿ ಹುಡುಕುವ ಮೊದಲೇ ಕೋಟೆಯವರು ತಮ್ಮದೊಂದು ದಾರಿ ಕಂಡುಕೊಂಡಿದ್ದರು. ಅಲ್ಲಿನ ವರದಿಗಾರ ಸಿದ್ದೇಗೌಡ ಬೀಚನಹಳ್ಳಿಯವನು, ಕಬಿನಿ ಅಣೆಕಟ್ಟೆಯ ಕೆಳಗೆ ಗದ್ದೆ ಇದ್ದವನು. ಆರನೆಯ ಯಂತ್ರ ನಂಬರಿಲ್ಲದೆ ಕೆಲಸ ಮಾಡುತ್ತಿರುವ ಸುದ್ದಿ ತಿಳಿದು ಸುಧಾಮಣಿ ಫೋನು ಮಾಡಿದಳು. ನಾನೂ ಕೇಳಲೆಂದು ಸ್ಪೀಕರ್ ಒತ್ತಿದಳು.

"ನಂಬರ್ ಕೊಟ್ಟಿಲ್ವಲ್ಲ ಗೌಡ್ರೇ, ಹೆಂಗೆ ನಡೀತಿದೆ?"

"ನಂದೇ ಕೊಟ್ಟಿವ್ನಿ ಕಣವ್ವ."

"ಒಂದೇ ನಂಬರು ಎರಡು ಯಂತ್ರಕ್ಕಾ?"

"ಸರದಿ ಮ್ಯಾಲೆ. ನಾಲೇಲಿ ನೀರು ಬುಡಲ್ವಾ, ಅಂಗೆ. ಒಂದೇ ತೂಬು, ಎರಡು ಗದ್ದೆ. ಬೆಳಗ್ಗಿಂದ ನಂದು, ಸಂಜೆ ಆಯ್ತಿದ್ದಂಗೆ ನಾನು ಮುಚ್ತೀನಿ, ಜಾಹೀರಾತಿನೋರು ತಗೀತಾರೆ. ಯಾರ್ಗೂ ತೊಂದ್ರೆ ಇಲ್ಲ."

"ಇಬ್ಬರೂ ಒಟ್ಟಿಗೆ ತೆಗೆದ್ರೆ?"

"ನೀರು ಬುಡೋ ನೀರ್ಗಂಟಿ ಬಂದು ಬಯ್ತಾನೆ" ಎಂದು ಅವನು ನಕ್ಕ.

ಅವಳು ನಗಲಿಲ್ಲ. ಒಂದೇ ನಂಬರಿನ ಎರಡು ಯಂತ್ರಗಳು ಒಟ್ಟಿಗೆ ಎದ್ದರೆ ಮೊದಲು ಎದ್ದದ್ದು ಉಳಿಯುತ್ತದೆ, ಎರಡನೆಯದು ಮೂಕವಾಗುತ್ತದೆ ಎಂದು ಅವನಿಗೆ ತಿಳಿಸಿ ಹೇಳಿದಳು. ಆದರೆ ಶಿವನಂಜಪ್ಪನವರು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅಷ್ಟು ಸಂತೋಷವಾಗಿ ಅವರನ್ನು ನಾನು ನೋಡಿರಲಿಲ್ಲ.

"ನೋಡಮ್ಮ! ನೀನು ಓದಿ ಬಂದೆ. ಅವನು ಗದ್ದೆಯಿಂದ ತಂದ. ಒಂದು ನಂಬರು ಎರಡು ಕೆಲಸ. ಇದನ್ನೇ ಎಲ್ಲಾ ಕಡೆ ಮಾಡು."

"ಸರ್, ಅದು ಒಂದು ಯಂತ್ರಕ್ಕೆ ಹೇಗೋ ನಡೀತದೆ. ಎಲ್ಲಾ ಕಡೆ ಮಾಡಿದ್ರೆ..."

"ಮಾಡು. ಹದ ಅಂದ್ರೆ ಇದೇ."

ಆಗಸ್ಟ್ ಪೂರ್ತಿ ಹಾಗೆ ಹೋಯಿತು. ಹೊಸ ಯಂತ್ರ ಎಲ್ಲಿಗೇ ಬರಲಿ, ಹಳೆಯ ಯಂತ್ರದ ಜತೆ ಸರದಿ. ಪಿರಿಯಾಪಟ್ಟಣದವರಿಗೆ ಸರದಿ ಒಪ್ಪಿಗೆಯಿರಲಿಲ್ಲ, ಬೇಕೆಂದೇ ಎರಡನ್ನೂ ತೆಗೆಯುತ್ತಿದ್ದರು. ಕೆ.ಆರ್. ನಗರದವರು ಮರೆತು ತೆಗೆಯುತ್ತಿದ್ದರು. ಸುಧಾಮಣಿಯ ಫೋನು ಬೆಳಗ್ಗೆಯಿಂದ ಹೊಡೆದುಕೊಳ್ಳುತ್ತಿತ್ತು. ಯಾವ ಊರಿನಲ್ಲಿ ಯಾವ ಯಂತ್ರ ಎದ್ದಿದೆ, ಯಾವುದು ಮಲಗಿದೆ, ಯಾವುದನ್ನು ಮಲಗಿಸಿದರೆ ಯಾವುದು ಏಳುತ್ತದೆ, ಇವೆಲ್ಲ ಅವಳ ತಲೆಯಲ್ಲಿ ಮಾತ್ರ ಇದ್ದವು. ಅವಳು ಒಂದು ದಿನ ಜ್ವರದಿಂದ ಬಾರದಿದ್ದಾಗ ಪುಟಗಳು ತಡವಾದವು. ಮರುದಿನ ಶಿವನಂಜಪ್ಪನವರು, "ಕಂಡೆಯಲ್ಲ, ನೀನಿಲ್ಲದೆ ನಡೆಯಲ್ಲ" ಎಂದರು. ಅದನ್ನು ಅವರು ಹೊಗಳಿಕೆಯೆಂದೇ ಹೇಳಿದರು. ಅವಳು ಬೀರುವಿನ ಕಡೆ ನೋಡಿ ಕೂತಳು. ಅಲ್ಲಿಗೆ ವಿಷಯ ಸ್ಪಷ್ಟವಾಗಿತ್ತು. ಕೆಲಸ ಚೆನ್ನಾಗಿ ಮಾಡಿದಷ್ಟೂ ಅವಳನ್ನು ಬಿಡುವುದಿಲ್ಲ. ಕೆಡಿಸಿದರೆ, ಹದಕ್ಕೆ ಬಂದಿಲ್ಲವೆಂದು ಬಿಡುವುದಿಲ್ಲ.

ನಾನೂ ಆ ಕೋಣೆಯಿಂದ ಹೊರಡುವ ಲೆಕ್ಕದಲ್ಲಿದ್ದೆ. ಹೆಂಡತಿ, ಮಗ ಮೈಸೂರಿನಲ್ಲಿದ್ದರು. ವಾರಕ್ಕೊಮ್ಮೆ ಮನೆ. ದಸರೆಯ ನಂತರ ಮೈಸೂರಿನ ಸುದ್ದಿ ವಿಭಾಗಕ್ಕೆ ಕರೆಸಿಕೊಳ್ಳುವುದಾಗಿ ಸಂಪಾದಕರು ಹೇಳಿದ್ದರು. ಆದ್ದರಿಂದ ಸುಧಾಮಣಿಯ ಪರವಾಗಿ ಶಿವನಂಜಪ್ಪನವರ ಹತ್ತಿರ ಮಾತನಾಡಿದಾಗ ನನ್ನ ಮಾತಿಗೆ ಸ್ವಲ್ಪ ಬೆಲೆ ಇರಬಹುದೆಂದುಕೊಂಡಿದ್ದೆ. "ನೀವು ಹೊರಡೋರು, ನಿಮಗೇನು" ಎಂದರು. ಅಲ್ಲಿಗೆ ಮಾತು ಮುಗಿಯಿತು.

ಸೆಪ್ಟೆಂಬರಿನಲ್ಲಿ ಒಂದು ಸಂಜೆ, ಕೋಟೆ ತಾಲ್ಲೂಕಿನ ಕಾಡಂಚಿನ ಹಳ್ಳಿಗೆ ಆನೆ ಹಿಂಡು ನುಗ್ಗಿತು. ಸಿದ್ದೇಗೌಡ ಹೋಗಿ ನೋಡಿ ಬಂದು ಬರೆಯಲು ಕೂತ. ಸರದಿಯ ಹೊತ್ತು ಮೀರಿತು. ಅವನು ಏಳಲಿಲ್ಲ. ಜಾಹೀರಾತಿನವರು ತಮ್ಮ ಹೊತ್ತಿಗೆ ತಮ್ಮ ಯಂತ್ರ ತೆಗೆದರು. ಅದು ಮೂಕವಾಯಿತು. ಅದರ ಹೊಟ್ಟೆಯಲ್ಲಿ ಮರುದಿನದ ಒಂದು ಪುಣ್ಯಸ್ಮರಣೆಯ ಜಾಹೀರಾತು ಇತ್ತು. ಕೋಟೆ ಪಟ್ಟಣದ ಹಿರಿಯರೊಬ್ಬರ ಫೋಟೋ, ಹೆಸರು, ಕುಟುಂಬದವರ ಸಾಲು. ಹುಣಸೂರಿನಲ್ಲಿ ಅದಕ್ಕೆಂದು ಕಪ್ಪು ಅಂಚಿನ ಚೌಕ ಹಾಕಿ, ಫೋಟೋ ಬಂದೊಡನೆ ಒಳಗೆ ಕೂರುವಂತೆ ಪುಟ ಸಿದ್ಧವಾಗಿತ್ತು. ಆ ಸಂಜೆ ಸುಧಾಮಣಿ ಕೆ.ಆರ್. ನಗರದ ಕಚೇರಿಯಲ್ಲಿದ್ದಳು. ಮಳೆಗೆ ಕೋಟೆಯ ಫೋನು ಸತ್ತಿತ್ತು. ಪುಟ ಕಟ್ಟಿದವನು ಜಾಹೀರಾತು ಬಂದು ಕೂತಿದೆಯೆಂದು ನಂಬಿ ಮೈಸೂರಿಗೆ ಕಳಿಸಿದ.

ಬೆಳಗ್ಗೆ ಪತ್ರಿಕೆಯಲ್ಲಿ ಕಪ್ಪು ಅಂಚಿನ ಚೌಕ ಅಚ್ಚಾಗಿತ್ತು. ಒಳಗೆ ಏನೂ ಇರಲಿಲ್ಲ.

ಶಿವನಂಜಪ್ಪನವರು ಪುಟವನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಒಮ್ಮೆ ಆ ಬಿಳಿ ಜಾಗದ ಮೇಲೆ ಬೆರಳಾಡಿಸಿದರು, ಅಚ್ಚು ಹತ್ತಿಲ್ಲವೇನೋ ಎಂಬಂತೆ. ಫೋನು ಸರಿಯಾದೊಡನೆ ಸಿದ್ದೇಗೌಡ ಕರೆ ಮಾಡಿದ. "ಯಾರ್ ಓಗ್ಬುಟ್ರು ಅಂತ ಊರೆಲ್ಲಾ ಕೇಳ್ತಾವ್ರೆ ಸಾರ್. ಮನೆಯೋರು ಪೇಪರ್ ಇಡ್ಕಂಡು ಆಫೀಸ್ ಮುಂದೆ ಕುಂತವ್ರೆ. ನಾನು ಹಿಂದ್ಗಡೆ ಬಾಗ್ಲಿಂದ ಆಚೆ ಬಂದಿವ್ನಿ." ಶಿವನಂಜಪ್ಪನವರು ಅದೇ ದಿನ ಬಸ್ಸು ಹತ್ತಿ ಕೋಟೆಗೆ ಹೋಗಿ, ಆ ಮನೆಯವರ ಮುಂದೆ ಕೈಮುಗಿದು, ದುಡ್ಡಿಲ್ಲದೆ ದೊಡ್ಡದಾಗಿ ಮತ್ತೆ ಹಾಕುವುದಾಗಿ ಮಾತು ಕೊಟ್ಟು ಬಂದರು. ಬಂದವರು ಸುಧಾಮಣಿಯನ್ನು ಕರೆದರು.

"ನೀನು ಹೇಳ್ತಿದ್ಯಲ್ಲ, ಊರಿಗೊಂದು ಕಟ್ಟು. ಅದು ಹೇಗೆ?"

ಅವಳ ಬಳಿ ಲೆಕ್ಕ ಸಿದ್ಧವಿತ್ತು. ಲೆಕ್ಕ ಎನ್ನುವಷ್ಟೂ ಇರಲಿಲ್ಲ. ವಿಳಾಸದ ಮೊದಲ ಎರಡು ಸಂಖ್ಯೆ ಎಲ್ಲರಿಗೂ ಒಂದೇ. ಮೂರನೆಯ ಸಂಖ್ಯೆ ಊರು. ನಾಲ್ಕನೆಯದು ಯಂತ್ರ. ಹುಣಸೂರಿಗೆ ಹತ್ತು, ಪಿರಿಯಾಪಟ್ಟಣಕ್ಕೆ ಇಪ್ಪತ್ತು, ಕೆ.ಆರ್. ನಗರಕ್ಕೆ ಮೂವತ್ತು, ಕೋಟೆಗೆ ನಲವತ್ತು. ನಾಳೆ ಸಾಲಿಗ್ರಾಮದಲ್ಲಿ ಕಚೇರಿ ತೆರೆದರೆ ಮೂವತ್ತೊಂದು. ಯಾರೂ ಯಾರನ್ನೂ ಎಬ್ಬಿಸುವಂತಿಲ್ಲ.

"ಕೋಟೆಯ ಆರು ಯಂತ್ರಕ್ಕೆ ಇನ್ನೂರೈವತ್ತು ಚಿಲ್ಲರೆ ನಂಬರಾ?"

"ಹೌದು ಸರ್."

"ಮಿಕ್ಕವು ಏನು ಮಾಡ್ತವೆ?"

"ಸುಮ್ನಿರ್ತವೆ ಸರ್."

ಅವರು ಆ ಖಾಲಿ ಚೌಕದ ಪುಟವನ್ನು ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ, "ಮಾಡು" ಎಂದರು.

ಅವಳು ಮತ್ತೆ ಮೂರೂ ಊರು ಸುತ್ತಿದಳು. ಈ ಸಲ ಹೆದ್ದಾರಿ ಬಿಟ್ಟು ಕೆಸರಿನ ಒಳದಾರಿಗಳಲ್ಲಿ, ಸೀಟು ಸಿಕ್ಕದ ಬಸ್ಸುಗಳಲ್ಲಿ. ಪಿರಿಯಾಪಟ್ಟಣದ ವರದಿಗಾರ ತಮಗೂ ಕೋಟೆಯವರಿಗೂ ಒಂದೇ ಅಳತೆಯ ಪಾಲೆಂದು ತಿಳಿದು ಮುಖ ಗಂಟಿಕ್ಕಿದನಂತೆ. ಕೋಟೆಗೆ ನಲವತ್ತು, ತನಗೆ ಇಪ್ಪತ್ತೇ ಏಕೆ ಎಂದೂ ಕೇಳಿದನಂತೆ. ಅವಳು ತಿರುಗಿ ಬಂದ ಮೇಲೆ ಫೋನು ನಿಂತುಹೋಯಿತು. ಒಂದು ದಿನ, ಎರಡು ದಿನ, ವಾರ. ಪುಟಗಳು ಹೊತ್ತಿಗೆ ಮುಂಚೆ ಹೋಗತೊಡಗಿದವು. ಅವಳಿಗೆ ಮಾಡಲು ಕೆಲಸವೇ ಇರಲಿಲ್ಲ. ತಿಂಗಳ ಕೊನೆ ಹತ್ತಿರವಾಗುತ್ತಿತ್ತು. ಅವಳು ಶಿವನಂಜಪ್ಪನವರ ಮುಂದೆ ನಿಂತಳು.

"ಹದಕ್ಕೆ ಬಂತಲ್ಲ ಸರ್."

"ಬಂತಮ್ಮ. ಚಾರ್ಜ್ ಯಾರಿಗೆ ಕೊಡ್ತೀಯ?"

ಅದು ನಿಯಮ. ಒಬ್ಬರು ಬಿಡುವಾಗ ಇನ್ನೊಬ್ಬರು ಕೆಲಸ ವಹಿಸಿಕೊಂಡೆನೆಂದು ಸಹಿ ಹಾಕಬೇಕು. ಆ ಸಹಿ ಬಿದ್ದರೆ ಬೀರು ತೆರೆಯುತ್ತದೆ. ಅವಳು ಪುಟ ಕಟ್ಟುವವರನ್ನು ಕೇಳಿದಳು, ಬೆರಳಚ್ಚಿನವರನ್ನು ಕೇಳಿದಳು, ಮೂರು ಊರಿಗೆ ಫೋನು ಮಾಡಿದಳು. ಎಲ್ಲರೂ ಆ ಆಗಸ್ಟಿನಲ್ಲಿ ಅವಳ ಪಾಡನ್ನು ಕಂಡವರು. ಒಬ್ಬರೂ ಒಪ್ಪಲಿಲ್ಲ. ಹಾಜರಾಗಲು ಇನ್ನು ಎರಡೇ ದಿನ ಇದ್ದಾಗ ಅವಳು ಯಾರನ್ನೂ ಕೇಳುವುದನ್ನು ಬಿಟ್ಟು ತನ್ನ ಕುರ್ಚಿಯಲ್ಲಿ ಕೂತಳು. ಅತ್ತಿರಲಿಲ್ಲ. ಹಾಳೆಯ ಮೇಲೆ ಆ ಹಳೆಯ ಪಟ್ಟಿಯನ್ನು ಸುಮ್ಮನೆ ಎಳೆದು, ಅರ್ಧಕ್ಕೆ ಸೀಳಿ, ಮತ್ತೆ ಅರ್ಧಕ್ಕೆ ಸೀಳುತ್ತಿದ್ದಳು. ಸೀಳಲು ಬಾರದಷ್ಟು ಚಿಕ್ಕದಾದ ಮೇಲೂ ಪೆನ್ನು ಅಲ್ಲೇ ಆಡುತ್ತಿತ್ತು.

ನಾನು ಎದ್ದು ಶಿವನಂಜಪ್ಪನವರ ಹತ್ತಿರ ಹೋಗಿ, ಸಹಿ ನಾನು ಹಾಕುತ್ತೇನೆ ಎಂದೆ.

"ಬೇಡ ಸರ್" ಎಂದು ಅವಳು ಹಿಂದೆಯೇ ಬಂದಳು. "ನೀವು ದಸರಾ ಆದ್ಮೇಲೆ ಹೋಗೋರು. ಇವರು ನಿಮ್ಮನ್ನ ಬಿಡಲ್ಲ."

"ಕೆಲಸವೇ ಇಲ್ಲವಲ್ಲ."

"ಕೆಲಸ ಇರೋದಕ್ಕಲ್ಲ ಸರ್ ಇವರು ಹಿಡಿಯೋದು."

ಶಿವನಂಜಪ್ಪನವರು ಅಡ್ಡ ಮಾತಾಡಲಿಲ್ಲ. ಕಾಗದ ಮುಂದಿಟ್ಟರು. ನಾನು ಬರೆದ ಒಕ್ಕಣೆಯನ್ನು ಓದಿ ಒಂದು ಅಲ್ಪವಿರಾಮ ಸೇರಿಸಿದರು. ಸಹಿ ಹಾಕಿದೆ. ಅವರು ಅಂಗಿ ಎತ್ತಿ, ಉಡಿದಾರದಿಂದ ಬೀಗದ ಕೈ ಬಿಡಿಸಿಕೊಂಡರು. ಗಂಟು ಬಿಗಿದಿತ್ತು, ಸ್ವಲ್ಪ ಹೊತ್ತು ಹಿಡಿಯಿತು. ಸುಧಾಮಣಿ ಪ್ಲಾಸ್ಟಿಕ್ ಕವರನ್ನು ಬಿಡಿಸಿ ಅಂಕಪಟ್ಟಿಗಳನ್ನು ಒಂದೊಂದಾಗಿ ನೋಡಿಕೊಂಡಳು. ಒಂದರ ಮೂಲೆ ತೇವಕ್ಕೆ ಕಂದಿತ್ತು. ಅದನ್ನು ಸೆರಗಿನಿಂದ ಒತ್ತಿ ಒರೆಸಿ, ಶಿವನಂಜಪ್ಪನವರ ಕಾಲಿಗೆ ನಮಸ್ಕಾರ ಮಾಡಿದಳು. ನನ್ನ ಕಡೆ ನೋಡಿ ಏನನ್ನೋ ಹೇಳಲು ಹೊರಟವಳು, "ಕೋಟೆ ನಲವತ್ತು ಸರ್" ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು.

ದಸರೆ ಬಂತು, ಹೋಯಿತು. ಸಂಪಾದಕರು ನನ್ನ ವರ್ಗಾವಣೆಗೆ ಬರೆದರು. ಶಿವನಂಜಪ್ಪನವರು, ನಾಲ್ಕು ಕಚೇರಿಗಳ ಜಾಲದ ಹೊಣೆ ಇವರ ಮೇಲಿದೆ, ವಹಿಸಿಕೊಳ್ಳುವವರು ಸಿಕ್ಕಿದ ಕೂಡಲೇ ಕಳಿಸಿಕೊಡಲಾಗುವುದು ಎಂದು ಉತ್ತರ ಬರೆದರು. ತಪ್ಪಿಲ್ಲದ ಉತ್ತರ. ಅಷ್ಟು ದಿನದಲ್ಲಿ ಆ ಹೊಣೆಗಾಗಿ ನಾನು ಮಾಡಿದ್ದ ಕೆಲಸವೆಂದರೆ, ಕೆ.ಆರ್. ನಗರದ ಹೊಸ ಯಂತ್ರಕ್ಕೆ ಮುಂದಿನ ನಂಬರು ಹಾಕಿಕೊಳ್ಳಿ ಎಂದು ಫೋನಿನಲ್ಲಿ ಹೇಳಿದ್ದು.

ಮಳೆ ಬಿಟ್ಟ ಮೇಲೆ ಒಂದು ಮಧ್ಯಾಹ್ನ ಕೋಟೆಗೆ ಹೋಗಿ ಸಿದ್ದೇಗೌಡನನ್ನು ಕಂಡೆ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಹೇಳಿದ. ವಿಷಯ ತಿಳಿಸಿದೆ. ಏನೂ ಕೆಲಸವಿಲ್ಲ, ಯಾರೂ ಫೋನು ಮಾಡುವುದಿಲ್ಲ, ಒಂದು ಸಹಿ ಅಷ್ಟೇ ಎಂದೆ. ಅವನು ಲೋಟ ಕೆಳಗಿಟ್ಟ.

"ಏನೂ ಕೆಲ್ಸ ಇಲ್ಲ ಅಂತೀರಿ?"

"ಏನೂ ಇಲ್ಲ ಗೌಡ್ರೇ."

"ಅಂಗಿದ್ರೆ ನೀವ್ಯಾಕೆ ಸಾರ್ ಬುಟ್ಟು ಓಯ್ತಿರೋದು?" ಎಂದು ನಕ್ಕು, ಆಮೇಲೆ ನಗು ನಿಲ್ಲಿಸಿದ. "ತಪ್ಪು ತಿಳ್ಕಬ್ಯಾಡಿ. ನಾನು ಅಣೆಕಟ್ಟೆ ಕೆಳಗೆ ಹುಟ್ಟಿದೋನು. ನೀರು ತುಂಬಿ ನಿಂತಾಗ ನಮಗೆ ದಿಗಿಲಿಲ್ಲ ಸಾರ್. ಆದ್ರೆ ತೂಬಿನ ಕೀಲಿ ಒಂದ್ಸಲ ಕೈಗೆ ಬಂದ್ರೆ, ಆಮ್ಯಾಕೆ ಆ ಮನ್ಸ ಊರು ಬುಡಂಗಿಲ್ಲ. ನಮ್ಮಪ್ಪ ನೀರ್ಗಂಟಿ. ನೆಂಟ್ರ ಮದ್ವೆಗೂ ಓಗ್ನಿಲ್ಲ."

ಟೀ ಮುಗಿಯಿತು. ದುಡ್ಡು ಅವನೇ ಕೊಟ್ಟ. ಹೊರಗೆ ಎರಡು ಬಸ್ಸು ಅಕ್ಕಪಕ್ಕ ನಿಂತಿದ್ದವು, ಒಂದು ಮೈಸೂರಿಗೆ, ಒಂದು ಹುಣಸೂರಿಗೆ. ಎರಡರ ಎಂಜಿನ್ನೂ ಶುರುವಾಗಿತ್ತು. ವಾರದ ನಡುವಿನ ದಿನ ಅದು.

"ಯಾವ್ ಕಡೀಕೆ ಸಾರ್? ಬೇಗ ಹತ್ತಿ" ಎಂದ ಕಂಡಕ್ಟರ್.

ಹುಣಸೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಒಂದು ಸೀಟು ಖಾಲಿ ಇತ್ತು. ಹೋಗಿ ಕೂತೆ.